ಕಡಲು ಕಾಣದ ಮರಿಗಳು

ಜ್ಞಾನಭಾರತಿ ಆವರಣದ ಬಳಿ ನನ್ನ ಬಾಡಿಗೆ ಕೋಣೆ. ಕಡಲು ಇಲ್ಲಿಂದ ಸುಮಾರು 300 ಕಿ.ಮೀ. ದೂರ. ಗಾಜಿನ ತೊಟ್ಟಿಯಲ್ಲಿ ಉಪ್ಪುಪುಡಿ ಬೆರೆಸಿದ ನೀರೇ ನನ್ನ ಕ್ಲೌನ್‌ಫಿಶ್ ಜೋಡಿಗೆ ಸಮುದ್ರ.

ಕೆಲ ತಿಂಗಳ ಹಿಂದೆ ಹೆಣ್ಣು ಮಡಕೆಯ ಚೂರಿನ ಮೇಲೆ ಮೊಟ್ಟೆಯಿಟ್ಟಿತು. ವಾರವಿಡೀ ರೆಕ್ಕೆ ಬೀಸುತ್ತ ಕಾದದ್ದು ಗಂಡು. ಒಂದು ರಾತ್ರಿ ದೀಪ ಆರಿಸಿದ ಮೇಲೆ ನೂರಾರು ಮರಿ ಹೊರಬಂದವು. ರೋಟಿಫರ್‌ಗಳನ್ನು ಬೆಳೆಸಿ ಉಣಿಸಿದೆ. ಉಳಿದದ್ದು ಹನ್ನೊಂದು.

‘ಕಡಲಿಂದ ಹಿಡಿದು ತಂದದ್ದಲ್ಲವಲ್ಲ, ತಪ್ಪೇನು?’ ಎಂದ ಗೆಳೆಯ. ಸರಿಯೇ. ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲೂ ಈ ಮೀನುಗಳ ಮರಿ ಮಾಡಿಸಿದ್ದಾರೆ. ಅದರಿಂದ ಹವಳದ ದಿಬ್ಬಗಳ ಮೇಲಿನ ಒತ್ತಡ ತಗ್ಗಬಹುದು. ಆದರೆ ಅದು ಕಡಲಿಗೆ ಕೊಟ್ಟ ಉತ್ತರ, ಮರಿಗಲ್ಲ.

ಕಡಲನ್ನೇ ಕಾಣದ್ದಕ್ಕೆ ಕಳೆದುಕೊಂಡ ನೋವೆಲ್ಲಿ ಎನ್ನಬಹುದು. ಹಾಗೆಂದರೆ ಪಂಜರದಲ್ಲೇ ಹುಟ್ಟಿದವರಿಗೆ ಬಿಡುಗಡೆಯೇ ಬೇಡ ಎಂದಂತಾಯಿತು. ಹುಟ್ಟಿಸಿದವನ ಹೊಣೆ ಹಿಡಿದು ತಂದವನದಕ್ಕಿಂತ ಕಡಿಮೆಯಲ್ಲ. ಈ ಮೀನು ಇಪ್ಪತ್ತು ವರ್ಷವೂ ಬದುಕಬಲ್ಲದು. ನನ್ನ ಪಿಎಚ್‌ಡಿ ಮುಗಿದರೆ ಈ ಕೋಣೆಯೂ ಇಲ್ಲ.

ಮೊನ್ನೆ ಮತ್ತೆ ಮೊಟ್ಟೆ ಕಂಡಿತು. ಹನ್ನೊಂದಕ್ಕೂ ನೆಲೆ ಸಿಗುವ ಮುನ್ನ ಇನ್ನಷ್ಟು ಬೇಡವೆಂದು ಚೂರನ್ನು ಹೊರತೆಗೆದೆ. ಮಾಡಿದ್ದು ಸರಿಯೆಂದೇ ಅಂದುಕೊಂಡಿದ್ದೇನೆ. ಆದರೂ ಆ ದಿನ ತೊಟ್ಟಿಯ ಮುಂದೆ ಹೆಚ್ಚು ಹೊತ್ತು ಕೂರಲಾಗಲಿಲ್ಲ.