ಮಂಡಲ ವ್ರತದಲ್ಲಿ ಋತುಚರ್ಯೆ: ಇರುಮುಡಿ ಹೊರುವ ದೇಹದ ಬಗ್ಗೆ ನಾಲ್ಕು ಮಾತು

ಸ್ವಾಮಿಯೇ ಶರಣಂ ಅಯ್ಯಪ್ಪ.

ವೃಶ್ಚಿಕ ಸಂಕ್ರಮಣಕ್ಕೆ ಇನ್ನು ಹೆಚ್ಚು ದಿನ ಇಲ್ಲ. ಖಾರಘರದಲ್ಲಿ ಅಕ್ಟೋಬರಿನ ಸೆಕೆ ಇಳಿದು, ಬೆಳಗಿನ ಜಾವ ಎದ್ದು ಫ್ಯಾನ್ ಒಂದು ನಂಬರ್ ಕಡಿಮೆ ಮಾಡುವ ಹೊತ್ತು ಬಂದಿದೆ. ಪ್ರತಿ ವರ್ಷ ಈ ಹೊತ್ತಿಗೆ ಕೇಳಿಬರುವ ಪ್ರಶ್ನೆಗಳೂ ಶುರುವಾಗಿವೆ. ತಣ್ಣೀರು ಸ್ನಾನ ಮಾಡಿ ಶೀತ ಆದರೆ ಏನು ಮಾಡುವುದು? ಒಂದೇ ಹೊತ್ತು ಊಟ ಮಾಡಬೇಕಾ? ಮಾಲೆ ಹಾಕಿದ ಮೇಲೆ ಬಿಪಿ ಮಾತ್ರೆ ತೆಗೆದುಕೊಳ್ಳಬಹುದಾ?

ಈ ಮೂರನೇ ಪ್ರಶ್ನೆಗಾಗಿಯೇ ಈ ವಾರದ ಬರಹ. ಹಿಂದೊಮ್ಮೆ ನಮ್ಮ ಜೊತೆ ಬಂದಿದ್ದ ಹಿರಿಯ ಸ್ವಾಮಿಯೊಬ್ಬರು ಮಾಲೆ ಹಾಕಿದ ದಿನವೇ ಬಿಪಿಯ ಮಾತ್ರೆ, ಶುಗರ್ ಮಾತ್ರೆ ಎರಡನ್ನೂ ನಿಲ್ಲಿಸಿದ್ದರು. "ಇನ್ನು ಎಲ್ಲ ಅವನೇ ನೋಡಿಕೊಳ್ಳುತ್ತಾನೆ" ಎಂದು ನಂಬಿಕೆ. ಮನೆಯವರಿಗೂ ಹೇಳಿರಲಿಲ್ಲ. ಅಪ್ಪಾಚಿಮೇಡು ಹತ್ತುವಾಗ ಕಣ್ಣು ಕತ್ತಲೆ ಬಂದು ಕುಳಿತವರು ಏಳಲಿಲ್ಲ. ಪುಣ್ಯಕ್ಕೆ ಆ ದಾರಿಯಲ್ಲಿ ತುರ್ತು ಚಿಕಿತ್ಸಾ ಕೇಂದ್ರಗಳಿವೆ, ಆಕ್ಸಿಜನ್ ಕೊಡುವ ವ್ಯವಸ್ಥೆ ಇದೆ. ಅವರು ಸುಧಾರಿಸಿಕೊಂಡು ಮನೆಗೆ ಬಂದರು. ಸ್ವಾಮಿ ನೋಡಿಕೊಂಡದ್ದು ನಿಜ. ಆದರೆ ಯಾರ ಕೈಯಿಂದ ನೋಡಿಕೊಂಡ? ಅಲ್ಲಿದ್ದ ಡಾಕ್ಟರ ಕೈಯಿಂದ, ಸ್ಟ್ರೆಚರ್ ಹೊತ್ತವರ ಹೆಗಲಿನಿಂದ. ಹಾಗಿರುವಾಗ ಮನೆಯಲ್ಲಿ ಡಾಕ್ಟರು ಬರೆದುಕೊಟ್ಟ ಮಾತ್ರೆಯಲ್ಲಿ ಮಾತ್ರ ಅವನಿಲ್ಲ ಎಂದು ಹೇಳುವುದು ಹೇಗೆ?

ಮಣಿಕಂಠನ ಕಥೆಯನ್ನೇ ನೆನಪು ಮಾಡಿಕೊಳ್ಳಿ. ಪಂದಳದ ರಾಣಿ ತಲೆನೋವಿನ ನಾಟಕ ಆಡಿದಳು. ಮಂತ್ರಿಯ ಮಾತು ಕೇಳಿದ ವೈದ್ಯ ಹುಲಿಯ ಹಾಲೇ ಔಷಧ ಎಂದ. ಹನ್ನೆರಡರ ಬಾಲಕ ಕಾಡಿಗೆ ಹೋದ, ಹುಲಿಗಳ ಜೊತೆ ಮರಳಿ ಬಂದ. ನಾವು ಈ ಕಥೆಯನ್ನು ಸ್ವಾಮಿಯ ಮಹಿಮೆ ಹೇಳಲು ಹೇಳುತ್ತೇವೆ, ಹಾಗೇ ಹೇಳಬೇಕು. ಆದರೆ ಇನ್ನೊಂದು ವಿಷಯವೂ ಅದರಲ್ಲಿದೆ. ನಮ್ಮ ಸ್ವಾಮಿಯ ಕಥೆಯಲ್ಲಿ ಒಬ್ಬ ಸುಳ್ಳು ವೈದ್ಯ ಇದ್ದಾನೆ, ಒಂದು ಸುಳ್ಳು ಚೀಟಿ ಇದೆ. ಇವತ್ತು ಆ ಚೀಟಿ ವಾಟ್ಸಾಪಿನಲ್ಲಿ ಬರುತ್ತದೆ. ಈ ಎಲೆ ಜಗಿದರೆ ಶುಗರ್ ಮಾಯ, ಈ ರಸ ಕುಡಿದರೆ ಬ್ಲಾಕೇಜ್ ಕರಗುತ್ತದೆ ಎಂದು, ಕೆಳಗೆ ಒಂದು ಓಂ, ಒಂದು ಕೈಮುಗಿದ ಚಿತ್ರ. ದೇವರ ಚಿತ್ರ ಇದೆ ಎಂದ ಮಾತ್ರಕ್ಕೆ ಔಷಧ ಸತ್ಯವಾಗುವುದಿಲ್ಲ ಸ್ವಾಮಿಗಳೇ.

ಹಾಗಾದರೆ ಪ್ರಕೃತಿಯ ದಾರಿಯಲ್ಲಿ ಆರೋಗ್ಯ ಎಂಬುದೇ ಇಲ್ಲವೇ? ಖಂಡಿತ ಇದೆ. ನಮ್ಮ ವ್ರತವೇ ಅದು. ಮಂಡಲ ಕಾಲ ವರ್ಷದ ಯಾವ ಹೊತ್ತಿಗೆ ಬರುತ್ತದೆ ನೋಡಿ. ವೃಶ್ಚಿಕ ಒಂದು, ಅಂದರೆ ನವೆಂಬರ್ 16 ಅಥವಾ 17ಕ್ಕೆ ಆರಂಭ, 41 ದಿನಗಳಿಗೆ ಮಂಡಲ ಪೂಜೆ, ಆಮೇಲೆ ಮಕರ ಸಂಕ್ರಮಣಕ್ಕೆ ಜ್ಯೋತಿ. ಶರದೃತು ಮುಗಿದು ಹೇಮಂತ ಬರುವ ಸಮಯ. ವಾಗ್ಭಟಾಚಾರ್ಯರ ಅಷ್ಟಾಂಗಹೃದಯದಲ್ಲಿ ಋತುಚರ್ಯೆಗೇ ಒಂದು ಅಧ್ಯಾಯ ಇದೆ. ಕೇರಳದ ಅಷ್ಟವೈದ್ಯ ಮನೆತನಗಳು ತಲೆತಲಾಂತರದಿಂದ ಪಾಠ ಮಾಡಿಕೊಂಡು ಬಂದ ಗ್ರಂಥ ಅದು. ಅದರ ಪ್ರಕಾರ ಮನುಷ್ಯನ ಬಲ ಮಳೆಗಾಲ ಮತ್ತು ಬೇಸಿಗೆಯಲ್ಲಿ ಕನಿಷ್ಠ, ಶರತ್ತು ಮತ್ತು ವಸಂತದಲ್ಲಿ ಮಧ್ಯಮ, ಹೇಮಂತ ಮತ್ತು ಶಿಶಿರದಲ್ಲಿ ಅತಿ ಹೆಚ್ಚು. ಬರಿಗಾಲಲ್ಲಿ, ತಲೆಯ ಮೇಲೆ ಕಟ್ಟು ಹೊತ್ತು, ಬೆಟ್ಟ ಹತ್ತುವ ಯಾತ್ರೆ ದೇಹಕ್ಕೆ ಬಲ ಇರುವ ಕಾಲಕ್ಕೇ ಬಂದಿದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಅದೇ ಅಧ್ಯಾಯದಲ್ಲಿ ಒಂದು ಎಚ್ಚರಿಕೆಯೂ ಇದೆ. ಹೇಮಂತದಲ್ಲಿ ಜಠರಾಗ್ನಿ ಪ್ರಬಲ. ಅದಕ್ಕೆ ಬೇಕಾದಷ್ಟು ಆಹಾರ ಕೊಡದಿದ್ದರೆ ಅದು ದೇಹದ ಧಾತುಗಳನ್ನೇ ಸುಡುತ್ತದೆ. ರಾತ್ರಿ ಉದ್ದ ಇರುವುದರಿಂದ ಈ ಋತುವಿನಲ್ಲಿ ಬೆಳಗ್ಗೆ ಏಳುವಾಗಲೇ ಹಸಿವಾಗುತ್ತದೆ ಎಂಬುದನ್ನೂ ಆಚಾರ್ಯರು ಗಮನಿಸಿ ಬರೆದಿದ್ದಾರೆ. ನಮ್ಮಲ್ಲಿ ಎಷ್ಟು ಸ್ವಾಮಿಗಳು ನಾಲ್ಕು ಗಂಟೆಗೆ ಎದ್ದು ಸ್ನಾನ, ಪೂಜೆ, ಶರಣು ಮುಗಿಸಿ, ಬರೀ ಒಂದು ಕಪ್ ಚಹಾ ಕುಡಿದು 7ರ ಲೋಕಲ್ ಹಿಡಿಯುತ್ತಾರೆ! ಮಧ್ಯಾಹ್ನ ಎರಡಕ್ಕೆ ಊಟ. ಇದನ್ನು ಯಾವ ಗುರುಸ್ವಾಮಿಯೂ ಹೇಳಿಕೊಟ್ಟದ್ದಲ್ಲ. ವ್ರತ ಸಾತ್ವಿಕ ಆಹಾರ ಕೇಳುತ್ತದೆ, ಅರೆಹೊಟ್ಟೆಯನ್ನಲ್ಲ. ಗೋಧಿ, ಉದ್ದು, ಹಾಲಿನ ಪದಾರ್ಥ, ಬೆಲ್ಲ, ಬಿಸಿ ಊಟ ಹೇಮಂತಕ್ಕೆ ಒಳ್ಳೆಯದು. (ಮಾಂಸರಸ, ಮದ್ಯವನ್ನೂ ಆ ಅಧ್ಯಾಯ ಹೇಳುತ್ತದೆ. ಯಾರಾದರೂ ಸ್ವಾಮಿ ಹುಡುಕಿ ತೆಗೆದು ತೋರಿಸುವ ಮೊದಲೇ ಹೇಳಿಬಿಟ್ಟೆ. ನಮಗೆ ಉದ್ದಿನ ದೋಸೆ ಸಾಕು.) ಬೆಳಗ್ಗೆ ಎರಡು ಇಡ್ಲಿ ಅಥವಾ ಅವಲಕ್ಕಿ, ರಾತ್ರಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಮೇಲೆ ಒಂದು ಚಮಚ ತುಪ್ಪ. ಊರಿನ ಮನೆಗಳಲ್ಲಿ ಅಮ್ಮಂದಿರು ಮಾಲೆ ಹಾಕಿದವರಿಗೆ ಬಡಿಸುತ್ತಿದ್ದುದೂ ಇಂಥದ್ದನ್ನೇ.

ಒಂದು ಹೊತ್ತು ಊಟದ ನಿಯಮ ಹಿಡಿಯುವವರು ಶುಗರ್ ಇದ್ದರೆ ಡಾಕ್ಟರನ್ನು ಕೇಳದೆ ಹಿಡಿಯಬೇಡಿ. ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಕೆಳಗೆ ಬೀಳುತ್ತದೆ. ಅದು ಏರುವುದಕ್ಕಿಂತ ಬೇಗ ಅಪಾಯ ತರುತ್ತದೆ. ಅರವಣ ಪಾಯಸದ ವಿಷಯದಲ್ಲೂ ಅಷ್ಟೇ, ಪ್ರಸಾದಕ್ಕೆ ಒಂದು ಚಮಚ ಸಾಕು, ಡಬ್ಬಿ ಖಾಲಿ ಮಾಡಿದರೆ ಪುಣ್ಯ ಹೆಚ್ಚುವುದಿಲ್ಲ.

ಇನ್ನು ನಾನು ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯ ಎಂದುಕೊಂಡ ಮಾತು. ವಾಗ್ಭಟರು ಋತುಸಂಧಿ ಎಂದು ಒಂದು ಕಾಲ ಹೇಳುತ್ತಾರೆ. ಹೋಗುವ ಋತುವಿನ ಕೊನೆಯ 7 ದಿನ, ಬರುವ ಋತುವಿನ ಮೊದಲ 7 ದಿನ. ಈ 14 ದಿನಗಳಲ್ಲಿ ಹಳೆಯ ಅಭ್ಯಾಸವನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು, ಹೊಸದನ್ನು ಸ್ವಲ್ಪಸ್ವಲ್ಪವಾಗಿ ಹಿಡಿಯಬೇಕು. ಒಮ್ಮೆಲೇ ಬಿಟ್ಟರೆ, ಒಮ್ಮೆಲೇ ಹಿಡಿದರೆ ದೇಹಕ್ಕೆ ಒಗ್ಗದೆ ರೋಗ ಬರುತ್ತದೆ. ನಮ್ಮ ಸಪೋರ್ಟ್ ಕೆಲಸದಲ್ಲೂ ಹಳೆ ಸರ್ವರಿನಿಂದ ಹೊಸದಕ್ಕೆ ಒಂದೇ ರಾತ್ರಿಯಲ್ಲಿ ಎಲ್ಲರನ್ನೂ ಸಾಗಿಸುವುದಿಲ್ಲ, ಸಾಗಿಸಿದರೆ ಬೆಳಗ್ಗೆ ಫೋನ್ ನಿಲ್ಲುವುದಿಲ್ಲ. ನಾವು ಮಾಲೆ ಹಾಕುವಾಗ ಮಾಡುವುದು ಮಾತ್ರ ಸರಿಯಾಗಿ ಇದರ ವಿರುದ್ಧ. ಹಿಂದಿನ ರಾತ್ರಿ ತನಕ ಮೀನು, ಕೋಳಿ, ರಾತ್ರಿ ಹನ್ನೆರಡರ ತನಕ ಮೊಬೈಲು, ಮರುದಿನ ಬೆಳಗ್ಗೆ ತಣ್ಣೀರು, ಚಾಪೆ, ಬರಿಗಾಲು. ಮೂರನೇ ದಿನ ಕೆಮ್ಮು. ಆಮೇಲೆ ಸ್ವಾಮಿ ಪರೀಕ್ಷೆ ಮಾಡುತ್ತಿದ್ದಾನೆ ಎಂಬ ಮಾತು. ಅವನು ಏನೂ ಮಾಡಿಲ್ಲ, ಪಾಪ.

ಆದ್ದರಿಂದ ಈ ವಾರದಿಂದಲೇ ತಯಾರಿ ಶುರುವಾಗಲಿ. ಮಾಂಸಾಹಾರ ಈಗಲೇ ಕಡಿಮೆ ಮಾಡುತ್ತ ಬನ್ನಿ. ಸ್ನಾನದ ಬಿಸಿನೀರಿಗೆ ದಿನಕ್ಕೆ ಒಂದು ತಂಬಿಗೆ ತಣ್ಣೀರು ಹೆಚ್ಚು ಬೆರೆಸುತ್ತ ಹೋಗಿ. ಮಲಗುವ ಹೊತ್ತನ್ನು ಕಾಲುಕಾಲು ಗಂಟೆ ಹಿಂದೆ ತನ್ನಿ. ನಮ್ಮ ಹಬ್ಬಗಳೂ ಇದನ್ನೇ ಹೇಳಿಕೊಟ್ಟಿವೆ. ದೀಪಾವಳಿಯ ಎಣ್ಣೆಸ್ನಾನ ಚಳಿ ಶುರುವಾಗುವ ಮೊದಲು ಚರ್ಮಕ್ಕೆ ಎಣ್ಣೆ ಕುಡಿಸುತ್ತದೆ, ಜ್ಯೋತಿಯ ದಿನವೇ ಬರುವ ಎಳ್ಳು ಬೆಲ್ಲವನ್ನು ಇಲ್ಲಿ ಮರಾಠಿ ನೆರೆಮನೆಯವರು ತಿಳ್‌ಗೂಳ್ ಎಂದು ಕೈಗಿಡುತ್ತಾರೆ.

ಕುಡಿತ ಬಿಡಲು ಮಾಲೆ ಹಾಕುವ ಸ್ವಾಮಿಗಳಿಗೆ ಒಂದು ಮಾತು ಪ್ರತ್ಯೇಕವಾಗಿ. ಮಾಲೆಯ ಬಲದಿಂದ ಕುಡಿತ ಬಿಟ್ಟು ಮನೆ ಉಳಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ, ಅವರಿಗೆ ಸಾಷ್ಟಾಂಗ. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈ ನಡುಕ, ಬೆವರು, ಭ್ರಮೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅದು ದೈವಕೋಪವೂ ಅಲ್ಲ, ಮೈಮೇಲೆ ಬರುವುದೂ ಅಲ್ಲ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದ ಸ್ಥಿತಿ. ಅಂಥವರು ಮಾಲೆಗೆ ಕೆಲವು ದಿನ ಮೊದಲೇ ಡಾಕ್ಟರನ್ನು ಕಂಡು, ಅವರ ನೆರವಿನಲ್ಲಿ ಬಿಟ್ಟು, ಆಮೇಲೆ ಗುರುಸ್ವಾಮಿಯ ಕೈಯಿಂದ ಮಾಲೆ ಹಾಕಿಸಿಕೊಳ್ಳಲಿ. ಯಾರದ್ದಾದರೂ ಮನೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ನೆನಪಿಡಿ.

ತಣ್ಣೀರಿನ ಪ್ರಶ್ನೆಗೆ ಬರೋಣ. ಹೇಮಂತದಲ್ಲಿ ವಾಗ್ಭಟರು ಹೇಳುವುದು ಬಿಸಿನೀರಿನ ಬಳಕೆಯನ್ನೇ. ನಮ್ಮ ಸಂಪ್ರದಾಯ ಎರಡು ಹೊತ್ತು ತಣ್ಣೀರು ಎನ್ನುತ್ತದೆ. ಜಗಳ ಬೇಡ. ಖಾರಘರದ ಟ್ಯಾಂಕಿನ ನೀರು ಹಿಮಾಲಯದ್ದೇನೂ ಅಲ್ಲ, ಆರೋಗ್ಯವಂತ ಸ್ವಾಮಿಗಳಿಗೆ ತೊಂದರೆ ಆಗುವುದಿಲ್ಲ. ಉಬ್ಬಸ ಇದ್ದವರು, ಹೃದಯದ ತೊಂದರೆ ಇದ್ದವರು, ಅರುವತ್ತು ದಾಟಿದವರು, ಚಿಕ್ಕ ಮಕ್ಕಳು ಉಗುರುಬೆಚ್ಚಗಿನ ನೀರಿಗೆ ಗುರುಸ್ವಾಮಿಯ ಅನುಮತಿ ಕೇಳಿ. ನಾನು ನೋಡಿದ ಯಾವ ಗುರುಸ್ವಾಮಿಯೂ ಬೇಡ ಎಂದಿಲ್ಲ. ನೈಟ್ ಶಿಫ್ಟ್ ಮುಗಿಸಿ ಬೆಳಗ್ಗೆ ಆರಕ್ಕೆ ಬರುವ ನನ್ನಂಥವರು ಬಂದು ಸ್ನಾನ, ಪೂಜೆ ಮಾಡಿ, ಹೊಟ್ಟೆಗೆ ತಿಂದು, ಆಮೇಲೆ ಆರೇಳು ತಾಸು ನಿದ್ದೆಯನ್ನೂ ವ್ರತದ ಭಾಗ ಎಂದೇ ಮಾಡಿ. ನಿದ್ದೆ ಕೆಟ್ಟ ದೇಹಕ್ಕೆ ಯಾವ ಕಷಾಯವೂ ತಾಗುವುದಿಲ್ಲ.

ಗಾಳಿಯ ವಿಷಯ ನಮ್ಮ ಊರಿಗೇ ವಿಶೇಷ. ಚಳಿಗಾಲದ ಬೆಳಗ್ಗೆ ಗಾಳಿ ಬೀಸುವುದು ಕಡಿಮೆ. ತಳೋಜಾ ಕಡೆಯ ಹೊಗೆ, ಕಟ್ಟಡ ಕೆಲಸದ ಧೂಳು ಕೆಳಗೇ ನಿಂತಿರುತ್ತದೆ. ಯಾತ್ರೆಗೆ ಕಾಲು ಪಳಗಿಸಲು ಖಾರಘರ ಗುಡ್ಡದ ಏರುದಾರಿಗಿಂತ ಒಳ್ಳೆಯ ಜಾಗ ಇಲ್ಲ, ಆದರೆ ಎದುರಿನ ಕಟ್ಟಡಗಳು ಮಬ್ಬಾಗಿ ಕಾಣುವ ದಿನ ಸೂರ್ಯ ಸ್ವಲ್ಪ ಏರಿದ ಮೇಲೆ ಹೋಗಿ. ವಾರಕ್ಕೆ ಮೂರು ದಿನ, ಮಾತಾಡುತ್ತ ಹತ್ತುವಷ್ಟು ನಿಧಾನಕ್ಕೆ. ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು 5 ಕಿಲೋಮೀಟರ್, ಅದರಲ್ಲಿ ನೀಲಿಮಲೆ ಮತ್ತು ಅಪ್ಪಾಚಿಮೇಡು ನಿಜವಾದ ಏರು. ಅಲ್ಲಿ ಮೊದಲ ಸಲ ಎದೆ ಬಡಿತ ಕೇಳಿಸಿಕೊಳ್ಳುವುದಕ್ಕಿಂತ ಇಲ್ಲೇ ಕೇಳಿಸಿಕೊಳ್ಳುವುದು ವಾಸಿ. ಭಜನೆಯ ಮನೆಗಳಲ್ಲಿ ಚಳಿ ಎಂದು ಕಿಟಕಿ ಮುಚ್ಚಿ ಕರ್ಪೂರ, ಅಗರಬತ್ತಿ ಹಚ್ಚಬೇಡಿ, ಉಬ್ಬಸದವರಿಗೆ ಅದೇ ಸಾಕು. ಕರ್ಪೂರದ ಡಬ್ಬಿ ಮಕ್ಕಳ ಕೈಗೆ ಎಟುಕದಿರಲಿ. ಕಲ್ಲುಸಕ್ಕರೆ ಎಂದು ಬಾಯಿಗೆ ಹಾಕಿಕೊಂಡರೆ ಮಗುವಿಗೆ ಫಿಟ್ಸ್ ಬರುತ್ತದೆ.

ಕಷಾಯ, ಮನೆಮದ್ದು? ಶಬರಿಮಲೆಯ ದಾರಿಯಲ್ಲೇ ಉತ್ತರ ಇದೆ. ಹತ್ತುವಾಗ ದೇವಸ್ವಂನವರು ಕೊಡುವ ಬಿಸಿನೀರು ಒಣಶುಂಠಿ, ಲಾವಂಚ, ಪತಿಮುಖಂ ಚೆಕ್ಕೆ ಹಾಕಿ ಕುದಿಸಿದ್ದು. ಅದು ರೋಗ ಗುಣಮಾಡುತ್ತೇನೆ ಎಂದು ಹೇಳಿಕೊಳ್ಳುವುದಿಲ್ಲ. ಕುದಿಸಿದ ನೀರು ಶುದ್ಧ, ಬಿಸಿ ಗಂಟಲಿಗೆ ಹಿತ, ಶುಂಠಿ ಹೊಟ್ಟೆಗೆ ಒಳ್ಳೆಯದು, ಅಷ್ಟೇ. ಮನೆಯಲ್ಲಿ ಕೊತ್ತಂಬರಿ ಜೀರಿಗೆ ಕಷಾಯ, ಕಾಳುಮೆಣಸಿನ ಸಾರು ಇದೇ ಜಾತಿಯವು. ಸಾಮಾನ್ಯ ಶೀತಕ್ಕೆ ಧಾರಾಳ ಮಾಡಿ. ಮೂರು ದಿನಕ್ಕೆ ಜ್ವರ ಇಳಿಯದಿದ್ದರೆ, ಉಸಿರು ಕಟ್ಟಿದರೆ ಡಾಕ್ಟರ ಬಳಿಗೆ ಹೋಗಿ.

ಕರಾವಳಿಯವರಿಗೆ ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯ ಗೊತ್ತು. ಸೂರ್ಯೋದಯಕ್ಕೆ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಕೆತ್ತೆ ಜಜ್ಜಿ ತಂದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ಕಾಯಿಸಿದ ಬಿಳಿಕಲ್ಲು ಅದರಲ್ಲಿ ಅದ್ದಿ ಕುಡಿಯುವುದು, ಆಮೇಲೆ ಮೆಂತೆ ಗಂಜಿ. ಮುಂಬೈಯ ಸಂಘಗಳ ಆಟಿ ಕಾರ್ಯಕ್ರಮಗಳಲ್ಲೂ ಈ ಕಷಾಯದ ಮಾತು ಬರುತ್ತದೆ. ವರ್ಷಕ್ಕೆ ಒಂದೇ ದಿನ, ಒಂದೇ ಲೋಟ, ಅದೂ ಮರ ಬಲ್ಲ ಹಿರಿಯರ ಕೈಯಿಂದ. ಆ ಮೂರು ಷರತ್ತು ತೆಗೆದರೆ ಔಷಧವೇ ಉಳಿಯುವುದಿಲ್ಲ. ಕಾಸರಕದಂಥ ವಿಷದ ಮರವೂ ಅದೇ ಗುಡ್ಡದಲ್ಲಿ ಬೆಳೆಯುತ್ತದೆ. ಆನ್‌ಲೈನಿನಲ್ಲಿ ಪುಡಿ ತರಿಸಿ ಮಂಡಲದಲ್ಲಿ ದಿನವೂ ಕುಡಿಯುತ್ತೇನೆ ಎನ್ನುವವರು ಇದನ್ನು ಯೋಚಿಸಲಿ.

ಪಂಪೆಯಲ್ಲಿ ಮುಳುಗುವಾಗ ಮೂಗಿಗೆ ನೀರು ಹೋಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಅಮೀಬಾ ಮಿದುಳುಜ್ವರದ ಕಾರಣ ಕೇರಳದ ಆರೋಗ್ಯ ಇಲಾಖೆಯೇ 2025ರಲ್ಲಿ ಯಾತ್ರಿಕರಿಗೆ ಹೇಳಿದ ಮಾತಿದು. ದಿನವೂ ಮಾತ್ರೆ ತೆಗೆದುಕೊಳ್ಳುವವರು ಯಾತ್ರೆಯಲ್ಲೂ ನಿಲ್ಲಿಸಬಾರದು, ಚಿಕಿತ್ಸೆಯ ಚೀಟಿ ಜೊತೆಗಿರಬೇಕು ಎಂದೂ ಅವರು ಹೇಳುತ್ತಾರೆ. ಶುಗರ್‌ನಿಂದ ಪಾದ ಮರಗಟ್ಟಿದ ಸ್ವಾಮಿಗಳು ರಾತ್ರಿ ಮಲಗುವ ಮುನ್ನ ಅಂಗಾಲನ್ನು ಯಾರಿಗಾದರೂ ತೋರಿಸಿ. ಮುಳ್ಳು ಚುಚ್ಚಿದ್ದು ನಿಮಗೆ ಗೊತ್ತಾಗುವುದಿಲ್ಲ.

ಮಾಲೆ ತೆಗೆಯುವ ದಿನಕ್ಕೂ ಋತುಸಂಧಿಯ ಮಾತು ಹೊಂದುತ್ತದೆ. 41 ದಿನ ಗಂಜಿ ಉಂಡ ಹೊಟ್ಟೆಗೆ, ಪನ್ವೇಲಿಗೆ ರೈಲು ಬರುವ ಮೊದಲೇ ಬಿರಿಯಾನಿ ಹಾಕುವವರಿದ್ದಾರೆ. ಒಂದು ವಾರ ತಡೆಯಿರಿ. ಬೆಳಗ್ಗೆ ಏಳುವುದು, ನಡೆಯುವುದು, ಹೊತ್ತಿಗೆ ಮಲಗುವುದು, ಇವನ್ನು ಮಾಲೆಯ ಜೊತೆ ಬಿಚ್ಚಿಡಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಈ ವರ್ಷ ನಮ್ಮ ಜೊತೆ ಹೊರಡುವ ಸ್ವಾಮಿಗಳು ತಮ್ಮ ಮಾತ್ರೆಗಳ ಹೆಸರು, ಹೊತ್ತು, ಮನೆಯವರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಗುರುಸ್ವಾಮಿಗೆ ಕೊಡಿ, ಇನ್ನೊಂದು ಪ್ರತಿ ನಿಮ್ಮ ಹೆಗಲ ಚೀಲದಲ್ಲಿರಲಿ. ಕಟ್ಟುನಿರಕ್ಕೆ ಮೊದಲಿನ ಭಾನುವಾರದ ಭಜನೆಯಲ್ಲಿ ಎಲ್ಲರ ಚೀಟಿ ಸೇರಿಸೋಣ.

ಸ್ವಾಮಿಯೇ ಶರಣಂ ಅಯ್ಯಪ್ಪ.