ಓಟದಲ್ಲಿ ಬಿದ್ದವನೂ ದಾಟಿಹೋದವನೂ

ಓಟದ ಪಂದ್ಯದಲ್ಲಿ ನಮ್ಮ ಮುಂದೆ ಒಬ್ಬನು ಬಿದ್ದರೆ ನಾವು ನಿಲ್ಲಬೇಕೋ, ಓಡುತ್ತಲೇ ಹೋಗಬೇಕೋ? ಹೊಲಗೆಲಸದಲ್ಲಿ ದಿನ ಕಳೆಯುವ ನಮ್ಮ ಸಭೆಗಳವರಿಗೆ ಇದು ದೂರದ ಪ್ರಶ್ನೆಯಾಗಿ ತೋರಬಹುದು. ನಮಗೂ ಹಾಗೆಯೇ ತೋರುತ್ತಿತ್ತು. ಆದರೆ ಕೆಲವು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ನಾವೇ ಮೈಸೂರಿನ ಬೀದಿಗಳಲ್ಲಿ ಓಡಿದಂದಿನಿಂದ ಅದು ನಮ್ಮನ್ನು ಬಿಟ್ಟುಹೋಗಿಲ್ಲ.

ನಾವು ಓಟಗಾರರೆಂದು ಹೆಸರಾದವರಲ್ಲ. ನಲವತ್ತರ ಸಮೀಪಕ್ಕೆ ಬಂದಾಗ ದೇಹವು ಭಾರವಾಯಿತೆಂದು ಕಣಕಟ್ಟೆಯ ತೆಂಗಿನ ತೋಟಗಳ ನಡುವಣ ರಸ್ತೆಯಲ್ಲಿ ಮುಂಜಾನೆ ಓಡತೊಡಗಿದೆವು. ಎದುರಾದ ರೈತರು, “ಯಾವ ಬಸ್ಸು ತಪ್ಪಿತು, ಅಯ್ಯನವರೇ?” ಎಂದು ಕೇಳುತ್ತಿದ್ದರು. ಆರು ತಿಂಗಳು ಹೀಗೆ ಅಭ್ಯಾಸವಾದ ಮೇಲೆ 10 ಕಿಲೋಮೀಟರಿನ ಪಂದ್ಯಕ್ಕೆ ಹಣ ತೆತ್ತು ಹೆಸರು ಕೊಟ್ಟು, ಅರಸೀಕೆರೆಯಲ್ಲಿ ರೈಲು ಹತ್ತಿ, ಹಾಸನದ ಮಾರ್ಗವಾಗಿ ಮೈಸೂರನ್ನು ಸೇರಿದೆವು. ಹಣ ಕೊಟ್ಟು ಬೆವರುವವನನ್ನು ಕಂಡು, ಬೆವರಿ ಹಣ ಕಾಣುವ ನಮ್ಮ ಊರವರು ನಕ್ಕದ್ದು ನ್ಯಾಯವೇ.

ಗೆಲ್ಲುವ ಆಸೆ ನಮಗಿರಲಿಲ್ಲ. ಒಂದು ಗಂಟೆಯೊಳಗೆ ಮುಗಿಸಬೇಕೆಂಬ ಹಟವು ಮಾತ್ರ ಇತ್ತು. ಮೊದಲಲ್ಲಿ ಜನಸಂದಣಿಯ ಉತ್ಸಾಹಕ್ಕೆ ಮರುಳಾಗಿ ಶಕ್ತಿಮೀರಿ ಓಡಿದೆವು; ಅರ್ಧ ದಾರಿಗೆ ಬರುವಷ್ಟರಲ್ಲಿ ಬಿಳಿಗೂದಲಿನ ಹೆಂಗಸೊಬ್ಬರು ನಮ್ಮನ್ನು ಹಿಂದೆ ಹಾಕಿ ನಿರಾಯಾಸವಾಗಿ ಮುಂದೆ ಸಾಗಿದರು. 8ನೆಯ ಕಿಲೋಮೀಟರಿನ ಫಲಕವನ್ನು ದಾಟಿದಾಗ ಗಡಿಯಾರವು ನಲವತ್ತೇಳೂವರೆ ನಿಮಿಷವನ್ನು ತೋರಿಸಿತು. ಅಲ್ಲಿ ನಮ್ಮ ಮುಂದಿದ್ದ ಇಪ್ಪತ್ತರ ಪ್ರಾಯದ ಯುವಕನೊಬ್ಬನು ತೂರಾಡಿ, ರಸ್ತೆಯ ಅಂಚಿಗೆ ಸರಿದು, ಕೈಯೂರಿ ಕುಸಿದನು. ನಾವು ಅವನನ್ನು ಕಂಡೆವು; ಅವನೂ ನಮ್ಮನ್ನು ಕಂಡನು. ಹಿಂದೆ ಬರುವವರು ನೋಡಿಕೊಳ್ಳುವರೆಂದು ಮನಸ್ಸಿನಲ್ಲಿ ಹೇಳಿಕೊಂಡು ದಾಟಿಹೋದೆವು. 59 ನಿಮಿಷ 40 ಸೆಕೆಂಡಿಗೆ ಓಟ ಮುಗಿಯಿತು.

ಯೆರಿಕೋವಿನ ದಾರಿಯಲ್ಲಿ ಬದಿಗೆ ಸರಿದು ಹೋದ ಯಾಜಕನನ್ನು ಕುರಿತು ನಾವೇ ಎಷ್ಟೋ ಸಾರಿ ಪ್ರಸಂಗ ಮಾಡಿದವರು! ಕೊರಳಿಗೆ ಪದಕ ಬಿದ್ದ ಮೇಲೆ ಆ ಮುಖವೇ ಕಣ್ಣೆದುರಿಗೆ ಬರಲಾಗಿ, ಬಂದ ದಾರಿಯಲ್ಲೇ ಹಿಂದಿರುಗಿ ನಡೆದೆವು. ಯುವಕನಿರಲಿಲ್ಲ. ಆಯುಧಪೂಜೆಗೆಂದು ಸೇವಂತಿಗೆ ಮಾರುತ್ತಿದ್ದ ಮುದುಕಿಯೊಬ್ಬಳು ಬುಟ್ಟಿಯನ್ನು ಬಿಟ್ಟು ಅವನನ್ನು ನೆರಳಿಗೆ ಎಳೆದು, ಹೂವಿನ ಮೇಲೆ ಚಿಮುಕಿಸಲು ಇಟ್ಟಿದ್ದ ನೀರನ್ನು ಅವನ ತಲೆಗೂ ಎದೆಗೂ ಸುರಿದು, ಸೆರಗಿನಿಂದ ಗಾಳಿ ಬೀಸಿದಳಂತೆ. ಅವನು ತನ್ನ ಊರಿನ ಹೆಸರನ್ನೂ ಸರಿಯಾಗಿ ಹೇಳಲಾರದೆ ಏನೇನೋ ಮಾತಾಡುತ್ತಿದ್ದನೆಂದೂ, ಕೊನೆಗೆ ಆಂಬುಲೆನ್ಸಿನಲ್ಲಿ ಕರೆದೊಯ್ದರೆಂದೂ ಅವಳು ಹೇಳಿದಳು.

ಇದರ ಅರ್ಥವು ನಮಗೆ ಆಮೇಲೆ ತಿಳಿದುಬಂತು. ಓಡುವವನ ಶಕ್ತಿಯ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ಬೆವರು ಆರಿ ಆ ಶಾಖವನ್ನು ಕಳೆಯದಿದ್ದರೆ ದೇಹವು ಒಳಗಿನಿಂದ ಕಾಯುತ್ತದೆ. ಶಾಖವು 40 ಡಿಗ್ರಿ ಸೆಲ್ಸಿಯಸನ್ನು ಮೀರಿ ಬುದ್ಧಿಯೂ ಕದಡಿದರೆ ಅದು ಪ್ರಾಣಾಪಾಯ. ಅರ್ಧ ಗಂಟೆಯೊಳಗೆ ತಣ್ಣೀರಿನಿಂದ ದೇಹವನ್ನು ತಣಿಸಬೇಕೆಂದು ವೈದ್ಯರು ಹೇಳುತ್ತಾರೆ. ಬಿಸಿಲಲ್ಲಿ ರಾಗಿ ಕೊಯ್ಯುವವನು ತೂರಾಡಿದರೂ ಇದೇ ಮಾತು. ಇದನ್ನು ಮನೆಯವರೆಲ್ಲರೂ ತಿಳಿದಿರಲಿ. ಅಕ್ಷರವರಿಯದ ಆ ತಾಯಿಯು ಮಾಡಬೇಕಾದುದನ್ನೇ ಮಾಡಿದ್ದಳು.

ಆದರೆ ಪಂದ್ಯಕ್ಕೆ ಪಂದ್ಯದ ಧರ್ಮವುಂಟಲ್ಲವೇ, ನೆರವಿಗೆ ಸೇವಕರನ್ನು ನಿಲ್ಲಿಸಿರುವರಲ್ಲವೇ ಎಂದು ಕೆಲವರು ನಮ್ಮನ್ನು ಸಮಾಧಾನಪಡಿಸಿದರು. ಈ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೂ ಹಿಂದಿನವರು ನೋಡುವರೆಂದು ನಾವು ಎಣಿಸಿದಂತೆಯೇ ಹಿಂದಿನವರೂ ಎಣಿಸಿದರೆ, ಸಾವಿರ ಮಂದಿ ಓಡುವ ದಾರಿಯೂ ಬಿದ್ದವನ ಪಾಲಿಗೆ ನಿರ್ಜನವಾದ ಕಾಡೇ ಸರಿ.

ಜಾನ್ ಲ್ಯಾಂಡಿ ಎಂಬ ಆಸ್ಟ್ರೇಲಿಯದ ಓಟಗಾರನ ಸಂಗತಿಯನ್ನು ಹಲವರು ಬಲ್ಲರು. 1956ನೆಯ ಇಸವಿಯ ಮಾರ್ಚಿಯಲ್ಲಿ ಮೆಲ್ಬರ್ನಿನಲ್ಲಿ ದೇಶದ ಶ್ರೇಷ್ಠತೆಗಾಗಿ ಒಂದು ಮೈಲಿನ ಪಂದ್ಯ ನಡೆಯುತ್ತಿರಲು, ರಾನ್ ಕ್ಲಾರ್ಕ್ ಎಂಬ 19 ವರ್ಷದ ಹುಡುಗನು ಎಡವಿ ಬಿದ್ದನು. ಲ್ಯಾಂಡಿಯು ಅವನ ಮೇಲಿಂದ ಹಾರುವಾಗ ಪಾದರಕ್ಷೆಯ ಮೊಳೆ ಹುಡುಗನ ತೋಳಿಗೆ ತಗುಲಿತು. ಲ್ಯಾಂಡಿಯು ನಿಂತು, ಹಿಂದಿರುಗಿ, ಅವನ ಕ್ಷೇಮವನ್ನು ವಿಚಾರಿಸಿದ ಮೇಲೆಯೇ ಮತ್ತೆ ಓಡಿದನು; ಅಷ್ಟರಲ್ಲಿ ಉಳಿದವರು ದೂರ ಹೋಗಿದ್ದರೂ ಅವರನ್ನು ಹಿಡಿದು ಗೆದ್ದನು. ಗೆದ್ದುದರಿಂದಲೇ ಈ ಕಥೆಯನ್ನು ಹೇಳುವುದು ಸುಲಭವಾಯಿತೆಂದು ನಮಗೆ ಅನುಮಾನ. ಹುಡುಗನ ಕಡೆಗೆ ತಿರುಗಿದ ಗಳಿಗೆಯಲ್ಲಿ ಗೆಲ್ಲುವೆನೆಂದು ಅವನಿಗೆ ತಿಳಿದಿರಲಿಲ್ಲ. ಆ ಗಳಿಗೆಯೇ ನಮಗೆ ಬೇಕಾದದ್ದು. ಅವನು ಬಿಡಲು ಸಿದ್ಧನಾದದ್ದು ದೇಶದ ಮೊದಲನೆಯ ಸ್ಥಾನವನ್ನು. ನಾವು ಬಿಡಲಾರದೆ ಹೋದದ್ದು ಇಪ್ಪತ್ತು ಸೆಕೆಂಡುಗಳನ್ನು.

ಆ ದಿನ ಹೂವಿನ ಮುದುಕಿಯು ಚೆಲ್ಲಿಹೋದ ಸೇವಂತಿಗೆಯನ್ನು ಬುಟ್ಟಿಗೆ ತುಂಬುತ್ತಾ, ನಮ್ಮ ಕೊರಳಿನ ಪದಕವನ್ನು ನೋಡಿ, “ಗೆದ್ದಿರಾ, ಸ್ವಾಮಿ?” ಎಂದು ಸಂತೋಷದಿಂದ ಕೇಳಿದಳು. ಮುಗಿಸಿದವರೆಲ್ಲರಿಗೂ ಇದನ್ನು ಕೊಡುತ್ತಾರೆ ತಾಯೀ ಎಂದು ಹೇಳಿ, ನಾವೂ ಕುಳಿತು ಹೂವನ್ನು ಆರಿಸತೊಡಗಿದೆವು.