ವಿಷಯವಿಲ್ಲದ ಒಂದು ಪತ್ರ

2022ರ ಡಿಸೆಂಬರ್ ತಿಂಗಳ ಒಂದು ರಾತ್ರಿ, ಹನ್ನೊಂದು ಗಂಟೆ ದಾಟಿದ ಮೇಲೆ, ನನಗೊಂದು ಇಮೇಲ್ ಬಂತು. ವಿಷಯ ಬರೆಯಬೇಕಾದ ಜಾಗ ಖಾಲಿ. ಕಳಿಸಿದವರ ಹೆಸರಿನ ಜಾಗದಲ್ಲಿ ‘ಮಲ್ನಾಡ್ ಕಿಂಗ್’ ಎಂದಿತ್ತು. ಒಳಗೆ ನಾಲ್ಕೇ ಸಾಲು. ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಇನ್ನರ್ಧ ಕನ್ನಡದ ಹಾಗೆ ನಡೆಯುವ ಇಂಗ್ಲಿಷ್. ನಾನು ಓದಿಕೊಂಡದ್ದು ಹೀಗೆ: ಇಂಟರ್ನಲ್ ಅಂಕ ಯಾಕೆ ಇಷ್ಟು ಕಮ್ಮಿ ಹಾಕಿದ್ದೀರಿ, ನನ್ನ ಅಸೈನ್‌ಮೆಂಟನ್ನು ನೀವು ತಗೊಳ್ಳಲೇಬೇಕು, ನಮ್ಮ ಕಷ್ಟ ನಿಮಗೇನು ಗೊತ್ತು, ಬೇಗ ರಿಪ್ಲೈ ಮಾಡಿ. ಕೆಳಗೆ ಹೆಸರಿಲ್ಲ, ತರಗತಿಯಿಲ್ಲ, ರಿಜಿಸ್ಟರ್ ನಂಬರಿಲ್ಲ.

ನಾನು ಆಲ್ದೂರಿನವನು. ಇದೇ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಭಾಷೆಯ ಮೇಷ್ಟ್ರಿಗೆ ಇಂಥ ಪತ್ರ ಬಂದರೆ ಏನಾಗಬಹುದೋ ಅದೇ ಆಯಿತು. ಮೂರು ನಿಮಿಷದೊಳಗೆ ಉತ್ತರ ಬರೆದೆ: ‘ಇದು ಅಧ್ಯಾಪಕರಿಗೆ ಪತ್ರ ಬರೆಯುವ ರೀತಿಯಲ್ಲ. ಮೊದಲು ಸೌಜನ್ಯ ಕಲಿತು, ಆಮೇಲೆ ಬರೆಯಿರಿ.’ ವಾಕ್ಯ ಚೆನ್ನಾಗಿ ಬಂದಿದೆ ಅನ್ನಿಸಿತು. ಆ ರಾತ್ರಿ ನಿದ್ದೆಯೂ ಚೆನ್ನಾಗಿಯೇ ಬಂತು.

ಆಮೇಲೆ ಆ ವಿಳಾಸದಿಂದ ಏನೂ ಬರಲಿಲ್ಲ. ಸೌಜನ್ಯ ಕಲಿತರು ಎಂದುಕೊಂಡೆ. ಫೆಬ್ರವರಿಯಲ್ಲಿ ಹಾಜರಾತಿ ಕೂಡಿಸುತ್ತಿದ್ದಾಗ ಎರಡನೇ ವರ್ಷದ ಒಬ್ಬ ಹುಡುಗಿ ಜನವರಿಯಿಂದ ಬಂದೇ ಇಲ್ಲ ಎಂಬುದು ಕಣ್ಣಿಗೆ ಬಿತ್ತು. ಅವಳ ಗೆಳತಿಯರನ್ನು ವಿಚಾರಿಸಿದೆ. ಅವಳು ಎಸ್ಟೇಟಿನ ಲೈನ್ ಮನೆಯ ಹುಡುಗಿ. ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಅಣ್ಣನದು. ಅಣ್ಣ ತನಗೆ ತಾನೇ ಇಟ್ಟುಕೊಂಡ ಹೆಸರು ಮಲ್ನಾಡ್ ಕಿಂಗ್. ಅವನು ಮಲಗಿದ ಮೇಲೆ ಫೋನು ಇವಳ ಕೈಗೆ ಸಿಗುತ್ತಿತ್ತು. ತರಗತಿಯಲ್ಲಿ ಅವಳು ಬಾಯಿ ತೆರೆದು ಒಂದು ಮಾತಾಡಿದ್ದು ನನಗೆ ನೆನಪಿಲ್ಲ.

ಅವಳು ಓದು ಬಿಟ್ಟದ್ದು ನನ್ನ ಎರಡು ಸಾಲಿನಿಂದ ಎಂದು ಹೇಳುವುದಿಲ್ಲ. ಹಾಗೆ ಹೇಳುವುದು ನನ್ನ ಮಾತಿಗೆ ಇಲ್ಲದ ಶಕ್ತಿಯನ್ನು ಕೊಟ್ಟುಕೊಂಡಂತೆ. ಡಿಸೆಂಬರ್ ಎಂದರೆ ನಮ್ಮ ಕಡೆ ಅರೇಬಿಕಾ ಹಣ್ಣಿನ ಕಾಲ. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ ಶುರುವಾಗುತ್ತದೆ. ಆ ಮೂರು ನಾಲ್ಕು ತಿಂಗಳು ಮನೆಯಲ್ಲಿ ಎಷ್ಟು ಕೈ ಇದೆಯೋ ಅಷ್ಟಕ್ಕೂ ಕೆಲಸ, ಅಷ್ಟಕ್ಕೂ ಕೂಲಿ. ತೋಟದ ರೈಟರ ಚೆಕ್‌ರೋಲಿನಲ್ಲೂ ನನ್ನ ಹಾಜರಿ ಪುಸ್ತಕದಲ್ಲೂ ಅವಳ ಹೆಸರಿತ್ತು. ದುಡ್ಡು ಬರುತ್ತಿದ್ದದ್ದು ಒಂದರಿಂದ ಮಾತ್ರ. ಆದರೂ ಅವಳು ಒಂದು ರಾತ್ರಿ ನನ್ನ ಪುಸ್ತಕದ ಕಡೆ ಕೈಚಾಚಿದ್ದಳು. ಆ ಕೈ ಕೊಳಕಾಗಿದೆ, ತೊಳೆದುಕೊಂಡು ಬಾ ಎಂದೆ ನಾನು. ನನ್ನನ್ನು ಕಾಡುವುದು ಇಷ್ಟೇ.

ಮತ್ತೆ ಆ ಪತ್ರ ತೆರೆದು ಓದಿದೆ. ‘ಯು ಹ್ಯಾವ್ ಟು ಟೇಕ್ ಮೈ ಅಸೈನ್‌ಮೆಂಟ್’ ಎಂದು ಬರೆದಿದ್ದಳು. ಇಂಗ್ಲಿಷಿನಲ್ಲಿ ಇದು ಆಜ್ಞೆ. ಆದರೆ ಅವಳ ಮನಸ್ಸಿನಲ್ಲಿದ್ದ ಕನ್ನಡ ಯಾವುದು? ‘ನನ್ನ ಅಸೈನ್‌ಮೆಂಟ್ ತಗೋಬೇಕು ಸರ್’ ಎಂಬುದು. ನಮ್ಮ ‘ಬೇಕು’ ಎರಡು ಮುಖದ ಪದ. ‘ತೆರಿಗೆ ಕಟ್ಟಬೇಕು’ ಎಂದಾಗ ಅದು ಕಟ್ಟಳೆ. ‘ತಾವೆಲ್ಲರೂ ಬಂದು ವಧೂವರರನ್ನು ಆಶೀರ್ವದಿಸಬೇಕು’ ಎಂದಾಗ ಅದೇ ಪದ ಕೈಮುಗಿದು ನಿಲ್ಲುತ್ತದೆ. ಹಾಗೆಯೇ ‘ಕೊಡಿ’, ‘ಮಾಡಿ’, ‘ನೋಡಿ’ ಎಂಬ ನಮ್ಮ ಕ್ರಿಯಾಪದಗಳ ಕೊನೆಯಲ್ಲೇ ಮರ್ಯಾದೆ ಸೇರಿಕೊಂಡಿದೆ. ‘ದಯವಿಟ್ಟು’ ಎಂದು ಬೇರೆ ಹೇಳುವ ಅಗತ್ಯ ಮನೆಮಾತಿನಲ್ಲಿ ಬೀಳುವುದೇ ಕಮ್ಮಿ. ಆ ‘ಕೊಡಿ’ ಇಂಗ್ಲಿಷಿಗೆ ಹೋದರೆ ಬರಿಯ ‘ಗಿವ್’ ಆಗುತ್ತದೆ. ಹೊಳೆ ದಾಟುವಾಗ ಮರ್ಯಾದೆ ಈಚೆ ದಡದಲ್ಲೇ ಉಳಿದುಬಿಡುತ್ತದೆ. ಕನ್ನಡ ಓದಿಸುವ ನಾನೇ ಆ ವಾಕ್ಯದೊಳಗಿದ್ದ ಕನ್ನಡವನ್ನು ಕೇಳಿಸಿಕೊಳ್ಳಲಿಲ್ಲ.

‘ನಮ್ಮ ಕಷ್ಟ ನಿಮಗೇನು ಗೊತ್ತು’ ಎಂಬ ಸಾಲಿಗೆ ಮಾತ್ರ ಈ ವಿವರಣೆ ಸಾಲದು. ಅದು ಅನುವಾದದ ತಪ್ಪಲ್ಲ, ಸಿಟ್ಟೇ. ಆದರೆ ಅದು ನಿಜವೂ ಆಗಿತ್ತು. ನನಗೆ ಗೊತ್ತಿರಲಿಲ್ಲ.

ನಾವು ಪತ್ರ ಬರೆಯಲು ಕಲಿತದ್ದು ಹೇಗೆ ಎಂಬುದನ್ನು ನೆನಪಿಸಿಕೊಳ್ಳಿ. ಹೈಸ್ಕೂಲಿನ ವ್ಯಾಕರಣ ಪುಸ್ತಕದ ರಜಾ ಅರ್ಜಿ ಎಲ್ಲರಿಗೂ ಬಾಯಿಪಾಠ. ಇಂದ, ಗೆ, ಮಾನ್ಯರೇ, ವಿಷಯ: ಎರಡು ದಿನ ರಜೆ ಕೋರಿ. ನನಗೆ ತೀವ್ರ ಜ್ವರ ಬಂದಿರುವುದರಿಂದ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿ. ಆ ಅಚ್ಚಿಗೆ ಗೊತ್ತಿರುವ ಕಾರಣ ಒಂದೇ, ಜ್ವರ. ಇನ್ನೂ ಹೆಚ್ಚೆಂದರೆ ಅಕ್ಕನ ಮದುವೆ. ತೋಟಕ್ಕೆ ಹಣ್ಣು ಕುಯ್ಯಲು ಹೋಗಿದ್ದೆ ಎಂದೋ, ಅಪ್ಪ ಕುಡಿದು ಬಂದು ಪುಸ್ತಕ ಎಸೆದ ಎಂದೋ, ಬಸ್ಸಿಗೆ ದುಡ್ಡಿರಲಿಲ್ಲ ಎಂದೋ ಬರೆಯಲು ಅದರಲ್ಲಿ ಜಾಗವಿಲ್ಲ. ಹಾಗಾಗಿ ನಮ್ಮ ಮಕ್ಕಳು ಶಿಸ್ತಾಗಿ ಬರೆಯುವಾಗ ಸುಳ್ಳು ಬರೆಯುತ್ತಾರೆ. ನಿಜ ಬರೆಯಬೇಕಾಗಿ ಬಂದಾಗ ಅವರ ಬಳಿ ಶಿಸ್ತಿನ ವಾಕ್ಯವೇ ಇರುವುದಿಲ್ಲ. ನನ್ನ ಬಳಿ ಜ್ವರದ ಅರ್ಜಿಗಳ ಒಂದು ಕಟ್ಟೇ ಇದೆ. ಅವುಗಳಲ್ಲಿ ಒಂದೂ ನನ್ನ ನಿದ್ದೆ ಕೆಡಿಸಿಲ್ಲ. ಅದೇ ಅವುಗಳ ಗುಣ.

ಅದೇ ಡಿಸೆಂಬರಿನಲ್ಲಿ ನನಗೆ ಇನ್ನೊಂದು ಮೇಲ್ ಬಂದಿತ್ತು. ಬರೆದವನು ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಓದಿ ಬಂದ ಹುಡುಗ, ಮನೆಯಲ್ಲಿ ತೋಟ. ವಿಷಯ ಸ್ಪಷ್ಟವಾಗಿತ್ತು, ವಂದನೆಯಿತ್ತು, ವಿಳಂಬಕ್ಕೆ ವಿಷಾದವಿತ್ತು. ಕುಟುಂಬದ ಸಮಾರಂಭದ ಕಾರಣ ಅಸೈನ್‌ಮೆಂಟಿಗೆ ನಾಲ್ಕು ದಿನ ಹೆಚ್ಚು ಬೇಕು ಎಂದಿದ್ದ. ಹತ್ತು ನಿಮಿಷದಲ್ಲಿ ‘ಆಗಲಿ’ ಎಂದಿದ್ದೆ. ಎರಡೂ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಾಚಿಕೆಯಾಯಿತು. ಇಬ್ಬರೂ ಕೇಳಿದ್ದು ಒಂದೇ. ಒಬ್ಬನಿಗೆ ಸಮಾರಂಭ, ಇನ್ನೊಬ್ಬಳಿಗೆ ಕೂಲಿ. ಸಮಾರಂಭಕ್ಕೆ ಸಮಯ ಸಿಕ್ಕಿತು. ನಾನು ಗುಣಕ್ಕೆ ಬೆಲೆ ಕೊಟ್ಟೆ ಎಂದುಕೊಂಡಿದ್ದೆ. ಕೊಟ್ಟದ್ದು ಅವನು ಓದಿದ ಶಾಲೆಗೆ, ಅದರ ಶುಲ್ಕಕ್ಕೆ. ಆ ಹುಡುಗ ಒಳ್ಳೆಯವನೇ, ಅವನ ತಪ್ಪು ಇದರಲ್ಲಿ ಏನೂ ಇಲ್ಲ.

2021ರ ಜೂನ್ ತಿಂಗಳಲ್ಲಿ ಒಂದು ಚಿತ್ರ ನಾಡಿನ ತುಂಬ ಓಡಾಡಿತ್ತು. ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ, ಸುರಿಯುವ ಮಳೆಯಲ್ಲಿ, ನೆಟ್‌ವರ್ಕ್ ಸಿಗುವ ರಸ್ತೆ ಬದಿಯ ಜಾಗದಲ್ಲಿ ಮಗಳು ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಪಕ್ಕದಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದಾರೆ. ನಮ್ಮ ಅಧ್ಯಾಪಕರ ವಾಟ್ಸಾಪ್ ಗುಂಪಿನಲ್ಲೂ ಅದು ಬಂತು, ಎಲ್ಲರೂ ಕೈಮುಗಿದೆವು. ನಮ್ಮ ಗುಡ್ಡಗಳಲ್ಲೂ ಮಕ್ಕಳು ಆ ಎರಡು ವರ್ಷ ಸಿಗ್ನಲ್ಲಿಗಾಗಿ ದಿಣ್ಣೆ ಹತ್ತಿದ್ದರು. ಅದೇ ದಿನಗಳಲ್ಲಿ ‘ಸರ್ ಲಿಂಕ್ ಕಳ್ಸಿ’, ‘ಸರ್ ಆಡಿಯೋ ಬರ್ತಿಲ್ಲ ಏನ್ ಪಾಠ ಮಾಡ್ತೀರಾ’ ಎಂಬ ಅರ್ಧಂಬರ್ಧ ಮೆಸೇಜುಗಳು ಬಂದಾಗ ನಾವೇ ಸಿಡುಕುತ್ತಿದ್ದೆವು. ಚಿತ್ರದಲ್ಲಿ ಬರುವ ಕಷ್ಟ ಕೊಡೆ ಹಿಡಿದುಕೊಂಡು ಮೌನವಾಗಿರುತ್ತದೆ. ಇನ್‌ಬಾಕ್ಸಿಗೆ ಬರುವ ಕಷ್ಟ ನೆನೆದು, ನಡುಗಿ, ಹಲ್ಲು ಕಚ್ಚಿಕೊಂಡು ಬರುತ್ತದೆ. ಎರಡೂ ಒಂದೇ ಮಳೆಯವು.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ‘ನೀವು ಇವತ್ತು ಸಹಿಸಿಕೊಳ್ತೀರಿ. ನಾಳೆ ಇದೇ ಭಾಷೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ರೆ ಯಾರು ಸಹಿಸ್ತಾರೆ? ಕಟುವಾಗಿ ಹೇಳೋದೂ ಒಂದು ಉಪಕಾರ’ ಎಂದರು. ಅವರ ಮಾತಿನಲ್ಲಿ ಮೊದಲ ಅರ್ಧ ನಿಜ. ಲೋಕ ಕ್ಷಮಿಸುವುದಿಲ್ಲ. ಆದರೆ ಅದಕ್ಕೆ ಬೇಕಾದದ್ದು ಕಲಿಸುವುದು. ನಾನು ಆ ರಾತ್ರಿ ಏನನ್ನೂ ಕಲಿಸಿರಲಿಲ್ಲ. ‘ಸೌಜನ್ಯ ಕಲಿತು ಬನ್ನಿ’ ಎಂದಿದ್ದೆ, ಎಲ್ಲಿಂದ ಕಲಿತು ಬರಬೇಕು ಎಂದು ಹೇಳಿರಲಿಲ್ಲ. ವಿದ್ಯೆಯಿಂದ ವಿನಯ ಬರುತ್ತದೆ ಎಂಬ ಮಾತನ್ನು ಎಷ್ಟೋ ಕಾಲೇಜುಗಳ ಗೋಡೆಯ ಮೇಲೆ ಬರೆಸಿರುತ್ತಾರೆ. ಹಾಗಾದರೆ ವಿನಯ ಕೊನೆಯಲ್ಲಿ ಬರುವ ಫಲ. ಅದನ್ನೇ ನಾವು ಬಾಗಿಲಲ್ಲಿ ಪ್ರವೇಶ ಶುಲ್ಕವಾಗಿ ಕೇಳುತ್ತಿದ್ದೇವೆ.

ಇನ್ನೊಬ್ಬ ಸಹೋದ್ಯೋಗಿ, ಅತಿಥಿ ಉಪನ್ಯಾಸಕಿ, ಬೇರೆಯದೇ ಮಾತು ಹೇಳಿದರು. ‘ನಿಮಗೆ ಒರಟು ಮೇಲ್ ಬಂದ್ರೆ ಅದು ಕಷ್ಟದ ಕಥೆ ಸರ್. ನನಗೆ ರಾತ್ರಿ ಬರೋ ಮೆಸೇಜುಗಳಲ್ಲಿ ಕೆಲವು ಕಷ್ಟದ್ದಲ್ಲ, ಅವಮಾನ ಮಾಡಲಿಕ್ಕೇ ಬರೆದದ್ದು. ಅದನ್ನೂ ನಾನು ಕರುಣೆಯಿಂದ ಓದಬೇಕಾ?’ ಇದಕ್ಕೆ ಉತ್ತರ, ಬೇಡ. ದಿಕ್ಕು ತೋಚದವರ ಒರಟು ಬೇರೆ, ಬೆದರಿಕೆ ಮತ್ತು ಅಶ್ಲೀಲ ಬೇರೆ. ಎರಡನೆಯದನ್ನು ಹೆಸರು ಹಿಡಿದು ನಿಲ್ಲಿಸಬೇಕು, ಆ ಭಾರವನ್ನು ಒಬ್ಬ ಹೆಂಗಸಿನ ತಾಳ್ಮೆಯ ಮೇಲೆ ಹಾಕದೆ ಕಾಲೇಜು ಹೊರಬೇಕು. ತಾಳ್ಮೆ ನನಗೆ ಅಗ್ಗ. ಕಾಯಂ ಕೆಲಸ, ವಯಸ್ಸು, ಗಂಡಸು ಎಂಬ ಮೂರು ಕೊಡೆಗಳ ಕೆಳಗೆ ನಿಂತು ನಾನು ಅದನ್ನು ಬೋಧಿಸುತ್ತಿದ್ದೇನೆ ಎಂಬುದನ್ನು ಅವರು ನೆನಪಿಸಿದರು.

ಸಿಟ್ಟೇ ಬರದಿರುವುದು ಗುಣವಲ್ಲ, ದೋಷ ಎಂದು ಅರಿಸ್ಟಾಟಲ್ ನಂಬಿದ್ದ. ಸಿಟ್ಟಾಗಬೇಕಾದವರ ಮೇಲೆ, ಆಗಬೇಕಾದ ಕಾರಣಕ್ಕೆ, ಆಗಬೇಕಾದಷ್ಟು ಹೊತ್ತು ಸಿಟ್ಟಾಗುವುದನ್ನು ಅವನು ಸದ್ಗುಣಗಳ ಸಾಲಿನಲ್ಲಿ ಇಟ್ಟ. ಈ ಅಳತೆಗೋಲು ಹಿಡಿದರೆ ನಾನು ಮೊದಲ ಹೆಜ್ಜೆಯಲ್ಲೇ ಎಡವಿದ್ದೆ. ಯಾರ ಮೇಲೆ ಸಿಟ್ಟಾದೆನೋ ಅವರು ಯಾರೆಂದೇ ನನಗೆ ಗೊತ್ತಿರಲಿಲ್ಲ. ‘ಮಲ್ನಾಡ್ ಕಿಂಗ್’ ಎಂಬ ಹೆಸರಿನ ಮೇಲೆ, ನಾನೇ ಕಲ್ಪಿಸಿಕೊಂಡ ಒಬ್ಬ ಉಡಾಳ ಹುಡುಗನ ಮೇಲೆ ಸಿಟ್ಟಾಗಿದ್ದೆ. ಏಟು ಬಿದ್ದದ್ದು ಬೇರೆಯವಳಿಗೆ. ‘ನೀವು ಯಾರು?’ ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಇನ್ನೊಂದು ಅಳುಕೂ ಇದೆ. ಒರಟಾಗಿ ಬರೆದವರಿಗೆಲ್ಲ ಓಡಿಹೋಗಿ ಸಹಾಯ ಮಾಡಿದರೆ, ಬರೆಯದೇ ಸುಮ್ಮನಿರುವವರ ಗತಿಯೇನು? ಅವರ ಕಷ್ಟವೇನು ಕಮ್ಮಿಯೇ? ಹಾಗಾಗಿ ಕರುಣೆ ಅಂಕಗಳ ರೂಪದಲ್ಲಿ ಹರಿಯಬಾರದು. 75 ಶೇಕಡಾ ಹಾಜರಾತಿ ಎಲ್ಲರಿಗೂ 75. ನಾನು ಬಗ್ಗಿಸಬಹುದಾದದ್ದು ನನ್ನ ಕೈಯಲ್ಲಿರುವ ದಿನಾಂಕ, ನನ್ನ ಸಮಯ, ನನ್ನ ದನಿ. ಅವನ್ನು ಬಗ್ಗಿಸುವುದಾದರೆ ಎಲ್ಲರಿಗೂ ತಿಳಿಯುವಂತೆ, ಕೇಳದವರಿಗೂ ಸಿಗುವಂತೆ ಬಗ್ಗಿಸಬೇಕು. ಈಗ ಕೊಯ್ಲಿನ ತಿಂಗಳುಗಳ ಅಸೈನ್‌ಮೆಂಟಿಗೆ ನಾನು ಎರಡು ಕೊನೆಯ ದಿನಾಂಕ ಕೊಡುತ್ತೇನೆ. ಯಾವುದಕ್ಕೆ ಕೊಟ್ಟರೂ ಅಂಕ ಒಂದೇ, ಕಾರಣ ಕೇಳುವುದಿಲ್ಲ.

ಪ್ರತಿ ವರ್ಷ ಮೊದಲ ವಾರದ ಒಂದು ತರಗತಿಯನ್ನು ಪತ್ರಕ್ಕೆ ಇಡುತ್ತೇನೆ. ಜ್ವರದ ಅರ್ಜಿ ಬರೆಸುವುದಿಲ್ಲ. ‘ನಿಜವಾದ ಕಾರಣ ಇಟ್ಟುಕೊಂಡು ಬರೆಯಿರಿ, ಹೇಳಲು ಇಷ್ಟವಿಲ್ಲದಿದ್ದರೆ ಹೇಳಲಾಗದ ಕಾರಣ ಎಂದೇ ಬರೆಯಿರಿ’ ಎನ್ನುತ್ತೇನೆ. ಹೆಸರು, ತರಗತಿ, ಏನು ಬೇಕು, ಯಾವಾಗ ಬೇಕು. ಉಳಿದದ್ದು ಅಲಂಕಾರ. ಆದರೂ ಒರಟು ಪತ್ರಗಳು ಬರುತ್ತವೆ. ರಾತ್ರಿ ಬಂದದ್ದಕ್ಕೆ ಬೆಳಿಗ್ಗೆ ಉತ್ತರಿಸುತ್ತೇನೆ. ಮೊದಲು ಅವರು ಕೇಳಿದ್ದಕ್ಕೆ ಉತ್ತರ, ಆಗುತ್ತದೋ ಇಲ್ಲವೋ ಎಂದು ನೇರವಾಗಿ. ಪತ್ರದ ರೀತಿಯ ಮಾತು ಆಮೇಲೆ, ಎದುರು ಸಿಕ್ಕಾಗ, ಇತರರಿಲ್ಲದ ಜಾಗದಲ್ಲಿ. ಬಾಯಾರಿ ಬಂದವರಿಗೆ ಮೊದಲು ನೀರು ಕೊಡುತ್ತೇವೆ. ಲೋಟ ಹಿಡಿಯುವ ರೀತಿಯನ್ನು ಆಮೇಲೆ ಹೇಳಬಹುದು. ಇದರಿಂದ ಎಲ್ಲರೂ ಉಳಿದುಕೊಂಡರು ಎಂದೇನೂ ಅಲ್ಲ.

ಕಳೆದ ಮಳೆಗಾಲ ಆಲ್ದೂರಿನ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಳು. ಚಿಕ್ಕಮಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ. ಅವಳೇ ಗುರುತು ಹಿಡಿದು ಎದ್ದು ನಿಂತಳು. ‘ನಮಸ್ಕಾರ ಸರ್, ಚೆನ್ನಾಗಿದ್ದೀರಾ? ಕೂತ್ಕೊಳ್ಳಿ ಸರ್’ ಎಂದಳು. ನಾನು ತಡವರಿಸುತ್ತ ಆ ಮೇಲ್ ವಿಷಯ ಎತ್ತಿದೆ, ಹಾಗೆ ಉತ್ತರಿಸಬಾರದಿತ್ತು ಎಂದೆ. ಅವಳು ನಕ್ಕು, ‘ಯಾವ ಮೇಲ್ ಸರ್? ನಾನು ನೋಡ್ಲೇ ಇಲ್ಲ. ಫೋನು ಅಣ್ಣನ ಹತ್ರ ಇರ್ತಿತ್ತಲ್ಲ’ ಎಂದಳು.

ಅದು ನಿಜವಿರಬಹುದು. ನನಗೆ ನೋವಾಗದಿರಲಿ ಎಂದು ಆಡಿದ ಮಾತೂ ಇರಬಹುದು. ಅವಳ ನಾಲ್ಕು ಸಾಲಿನ ಪತ್ರದಲ್ಲಿ ಅವಳ ಮನಸ್ಸು ಪೂರ್ತಿ ತೆರೆದಿತ್ತು, ನಾನು ಓದಲಿಲ್ಲ. ಈಗ ಅವಳ ಮಾತು ಎಷ್ಟು ನಯವಾಗಿತ್ತೆಂದರೆ ಅದರಾಚೆಗೆ ಏನಿದೆ ಎಂದು ನನಗೆ ಕಾಣಲಿಲ್ಲ. ಬಸ್ಸು ಬಂತು. ‘ಬರ್ತೀನಿ ಸರ್’ ಎಂದು ಹತ್ತಿಕೊಂಡಳು.